ಬಕೆಟ್ಟಿನಲ್ಲಿ 24, ಬಾಟಲಿಯಲ್ಲಿ 14

ನಾನು ಬಿಆರ್‌ಪಿ (ಬ್ಲಾಕ್ ಸಂಪನ್ಮೂಲ ವ್ಯಕ್ತಿ) ಆಗಿದ್ದ ಕಾಲದಲ್ಲಿ, ತರಬೇತಿ ಹಾಲಿನಲ್ಲಿ ಯಾವ ಬೆಂಚು ಮೊದಲು ತುಂಬುತ್ತದೆ ಎಂಬುದನ್ನು ನೋಡಿಯೇ ಅದು ಆ ವರ್ಷದ ಎಷ್ಟನೇ ತರಬೇತಿ ಎಂದು ಅಂದಾಜು ಮಾಡುತ್ತಿದ್ದೆ. ಜೂನ್‌ನಲ್ಲಿ ಮುಂದಿನ ಸಾಲು, ನವೆಂಬರ್‌ನಲ್ಲಿ ಬಾಗಿಲ ಪಕ್ಕದ ಸಾಲು. ನಮ್ಮದು ಚಿತ್ರದುರ್ಗ ಜಿಲ್ಲೆಯ ಬಯಲು ಸೀಮೆ. ದೂರದ ಹಟ್ಟಿಗಳಿಂದ ಎರಡು ಬಸ್ಸು ಬದಲಿಸಿ ಬಂದ ಮೇಷ್ಟ್ರಿಗೆ ಸಂಜೆ ಐದರ ಬಸ್ಸು ತಪ್ಪಿದರೆ ರಾತ್ರಿ ಮನೆ ಸೇರುವುದೇ ಅನುಮಾನ. ಬಾಗಿಲ ಪಕ್ಕ ಕೂರುವುದಕ್ಕೆ ಅವರಿಗೆ ಕಾರಣವಿತ್ತು.

ಆ ವರ್ಷದ ಮಾಡ್ಯೂಲ್ ಸ್ಟೆಮ್ ಬಗ್ಗೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ನಾಲ್ಕನ್ನೂ ಒಂದೇ ಪಾಠದೊಳಗೆ ಹೆಣೆಯಬೇಕು, ಬೇರೆ ಬೇರೆ ವಿಷಯದ ಶಿಕ್ಷಕರು ಕೂತು ಜೊತೆಯಾಗಿ ಯೋಜನೆ ಮಾಡಬೇಕು ಎಂದು ಪರದೆಯ ಮೇಲೆ ಬಣ್ಣಬಣ್ಣದ ಬಾಣಗಳು ಓಡಾಡಿದವು. ಕೊನೆಗೆ ಒಬ್ಬ ಹಿರಿಯ ಮೇಷ್ಟ್ರು ಎದ್ದು ನಿಂತರು. "ಸಾರ್, ನಮ್ ಶಾಲೇಲಿ ಗಣಿತಾನೂ ನಾನೇ, ವಿಜ್ಞಾನಾನೂ ನಾನೇ. ನಾನು ಇನ್ಯಾರ ಜೊತೆ ಕೂತ್ಕೊಂಡು ಸಮನ್ವಯ ಮಾಡ್ಲಿ?"

ಹಾಲ್ ತುಂಬ ನಗು. ಅವರು ನಗಿಸಲು ಕೇಳಿದ್ದಲ್ಲ. ನಮ್ಮ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ 6ರಿಂದ 8ನೇ ತರಗತಿಗೆ ಗಣಿತ, ವಿಜ್ಞಾನ ಎರಡನ್ನೂ ಹೆಚ್ಚಾಗಿ ಒಬ್ಬರೇ ನೋಡಿಕೊಳ್ಳುತ್ತಾರೆ. ಹಾಗಿದ್ದೂ ಎರಡಕ್ಕೂ ಎರಡು ಪಾಠ ಟಿಪ್ಪಣಿ, ಎರಡು ನೋಟ್‌ಬುಕ್ಕು, ಎರಡು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ದಾಖಲೆ. ಬೆಳಿಗ್ಗೆ ಕ್ಷೇತ್ರಗಣಿತ ಹೇಳಿಕೊಟ್ಟ ಮೇಷ್ಟ್ರೇ ಮಧ್ಯಾಹ್ನ ನೀರಿನ ಪಾಠ ಮಾಡುವಾಗ, ಬೆಳಗಿನ ಪಾಠ ಬೇರೆ ಯಾರೋ ಮಾಡಿದ್ದು ಎನ್ನುವಷ್ಟು ದೂರ ನಿಲ್ಲುತ್ತಾರೆ. ಅವರಿಗೆ ಗೊತ್ತಿಲ್ಲ ಎಂದಲ್ಲ. ಪುಸ್ತಕದಲ್ಲಿರುವ ಲೆಕ್ಕಕ್ಕೆ ಕೊನೆಯ ಪುಟದಲ್ಲಿ ಉತ್ತರವಿರುತ್ತದೆ. ಶಾಲೆಯ ಮಾಡಿನಿಂದ ಇಳಿಯುವ ನೀರಿನ ಲೆಕ್ಕಕ್ಕೆ ಯಾವ ಪುಟದಲ್ಲೂ ಇರುವುದಿಲ್ಲ. ನಲವತ್ತು ಮಕ್ಕಳ ಎದುರು ಉತ್ತರ ಗೊತ್ತಿಲ್ಲದೆ ನಿಲ್ಲುವುದು ಸಣ್ಣ ಮಾತಲ್ಲ. ಯಾವ ಮಾಡ್ಯೂಲೂ ಆ ಹೊತ್ತಿನ ಬಗ್ಗೆ ಬರೆದದ್ದನ್ನು ನಾನು ನೋಡಿಲ್ಲ.

ಅಂಥ ಹೊತ್ತಿನಲ್ಲಿ ಮೇಷ್ಟ್ರ ಜೊತೆ ನಿಂತ ಹೋಶಂಗಾಬಾದಿನ ಕಥೆಯನ್ನು ನನಗೆ ಮೊದಲು ಹೇಳಿದವರು ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಒಬ್ಬ ಉಪನ್ಯಾಸಕರು. 1972ರಲ್ಲಿ ಮಧ್ಯಪ್ರದೇಶದ ಆ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸೇರಿ, ಮಕ್ಕಳು ಕೈಯಾರೆ ಪ್ರಯೋಗ ಮಾಡಿ ಕಲಿಯುವ ವಿಜ್ಞಾನವನ್ನು ಶುರು ಮಾಡಿದವು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹರಡಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಮುಂದೆ ಅದರ ಹೊಣೆ ಹೊತ್ತಿತು. 2002ರಲ್ಲಿ ಸರ್ಕಾರದ ಆದೇಶದೊಂದಿಗೆ ಆ ಕಾರ್ಯಕ್ರಮ ನಿಂತುಹೋಯಿತು. ಪ್ರಯೋಗದ ಕಿಟ್ಟಿನ ವಿಷಯ, ದೆಹಲಿ ಮುಂಬೈಯ ವಿಜ್ಞಾನಿಗಳು ಹಳ್ಳಿಗೆ ಬಂದದ್ದು, ಇವೆಲ್ಲ ಸಾಮಾನ್ಯವಾಗಿ ಎಲ್ಲರೂ ಹೇಳುವ ಮಾತು. ನನ್ನ ಮನಸ್ಸಿನಲ್ಲಿ ಉಳಿದದ್ದು ಎರಡು ಸಂಗತಿ. ಒಂದು, ಅಲ್ಲಿ ಶಿಕ್ಷಕರು ತಿಂಗಳಿಗೊಮ್ಮೆ ಹತ್ತಿರದ ಕೇಂದ್ರದಲ್ಲಿ ಸೇರಿ ತರಗತಿಯಲ್ಲಿ ಎಡವಿದ್ದನ್ನು ಮಾತಾಡುತ್ತಿದ್ದರು. ತರಬೇತಿ ಪಡೆದವರು ಒಬ್ಬರು ಶಾಲೆಗೇ ಬಂದು ಜೊತೆಗೆ ನಿಲ್ಲುತ್ತಿದ್ದರು. ಇನ್ನೊಂದು, ಪರೀಕ್ಷೆಯನ್ನೇ ಬದಲಿಸಿದ್ದರು: ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದು, ಜೊತೆಗೆ ಪ್ರಯೋಗದ ಪರೀಕ್ಷೆ. ಪರೀಕ್ಷೆ ಹಾಗೇ ಇದ್ದು ಪಾಠ ಮಾತ್ರ ಬದಲಾಗಲಿ ಎಂದು ಮೇಷ್ಟ್ರಿಗೆ ಹೇಳುವುದರಲ್ಲಿ ಒಂದು ಬಗೆಯ ಅನ್ಯಾಯವಿದೆ.

ಪರೀಕ್ಷೆ ಬದಲಿಸುವುದು ನನ್ನಂಥವನ ಕೈಯಲ್ಲಿರಲಿಲ್ಲ. ಆದರೆ ನಮ್ಮ ಎಫ್‌ಎಯಲ್ಲಿ ಲಿಖಿತ ಪರೀಕ್ಷೆಯ ಪಕ್ಕದಲ್ಲೇ ಚಟುವಟಿಕೆಗೂ ಅಂಕವಿದೆ. ಬಹಳ ಕಡೆ ಅದು ಚಾರ್ಟ್ ಅಂಟಿಸುವುದರಲ್ಲಿ ಮುಗಿಯುತ್ತಿತ್ತು. ಒಂದೇ ಚಟುವಟಿಕೆಯನ್ನು ಗಣಿತದ ಎಫ್‌ಎಗೂ ವಿಜ್ಞಾನದ ಎಫ್‌ಎಗೂ ಹಾಕಿಕೊಳ್ಳಬಹುದು ಎಂದು ತೋರಿಸಿದಾಗ ಮೇಷ್ಟ್ರುಗಳ ಮುಖ ಸ್ವಲ್ಪ ಸಡಿಲವಾಯಿತು. ಕೆಲಸ ಕಡಿಮೆಯಾಗುತ್ತದೆ ಎಂಬ ಆಸೆಯಿಂದ ಒಳಗೆ ಬಂದವರೇ ಹೆಚ್ಚು. ಆದರ್ಶದ ಹೆಸರಿನಲ್ಲಿ ಬಂದವರು ಮೂರು ತಿಂಗಳಲ್ಲಿ ಸುಸ್ತಾದರು, ಇವರು ಉಳಿದರು.

ಹಾಲಿನಲ್ಲಿ ಎದ್ದು ನಿಂತು ಕೇಳಿದ ಆ ಮೇಷ್ಟ್ರ ಶಾಲೆಗೇ ಮೊದಲು ಹೋದೆ. ನಮ್ಮ ಜಿಲ್ಲೆಯಲ್ಲಿ ಮಳೆಯ ಮಾತು ಯಾರನ್ನೂ ಬಿಡುವುದಿಲ್ಲ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಆಗುಂಬೆಯಲ್ಲಿ, ಅತಿ ಕಡಿಮೆ ನಾಯಕನಹಟ್ಟಿಯಲ್ಲಿ ಎಂದು ನಾವೆಲ್ಲ ಬಾಯಿಪಾಠ ಮಾಡಿದವರು. ಆ ನಾಯಕನಹಟ್ಟಿ ನಮ್ಮ ಸೀಮೆಯದೇ. ಮಳೆ ಅಳೆಯುವುದರಿಂದ ಶುರು ಮಾಡೋಣ ಎಂದೆ. ಮೇಷ್ಟ್ರು ಒಪ್ಪಿದರು, ಆದರೆ ಅವರ ಕಣ್ಣು ಗೋಡೆಯ ಮೇಲಿನ ವೇಳಾಪಟ್ಟಿಯ ಮೇಲಿತ್ತು. ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ) ಒಂದಕ್ಕೆ ಪೋರ್ಷನ್ ಮುಗಿಯಬೇಕು.

ಪ್ಲಾಸ್ಟಿಕ್ ಬಾಟಲಿಯ ಮಳೆಮಾಪಕ ಮಾಡುವುದು ಹೇಳಿದಷ್ಟು ಸುಲಭವಲ್ಲ. ಬಾಟಲಿಯ ತಳ ಉಬ್ಬುತಗ್ಗು, ಅಲ್ಲಿ ಸೊನ್ನೆ ಎಲ್ಲಿಂದ ಶುರು? ತಳದಲ್ಲಿ ಸಣ್ಣ ಕಲ್ಲು ತುಂಬಿ, ಕಲ್ಲು ಮುಳುಗುವವರೆಗೆ ನೀರು ಹಾಕಿ, ಆ ನೀರಿನ ಮಟ್ಟವನ್ನೇ ಸೊನ್ನೆ ಎಂದುಕೊಳ್ಳಬೇಕು. ಬಾಟಲಿಯನ್ನು ಮೈ ನೇರವಾಗಿರುವ ಜಾಗದಲ್ಲೇ ಕತ್ತರಿಸಿ, ಮೇಲಿನ ತುಂಡನ್ನು ಆಲಿಕೆಯ ಹಾಗೆ ತಲೆಕೆಳಗು ಮಾಡಿ ಕೂರಿಸಬೇಕು. ಇದರಲ್ಲೇ ಒಂದು ಪಿರಿಯಡ್ ಹೋಯಿತು. ಮಕ್ಕಳಲ್ಲಿ ಕೆಲವರಿಗೆ ಬಾಟಲಿಯ ಮೇಲೆ ನಂಬಿಕೆ ಬರಲಿಲ್ಲ. ಒಬ್ಬ ಹುಡುಗ ಬಿಸಿಯೂಟದ ಕೋಣೆಯಿಂದ ನೇರ ಮೈಯ ಸ್ಟೀಲ್ ಡಬ್ಬಿ ತಂದ, ಇನ್ನೊಬ್ಬಳು ಬಕೆಟ್ಟು ಇಟ್ಟಳು. ಬಕೆಟ್ಟು ದೊಡ್ಡದು, ಅದರಲ್ಲಿ ಮಳೆ ಜಾಸ್ತಿ ಬೀಳುತ್ತದೆ ಎಂಬುದು ಅರ್ಧ ತರಗತಿಯ ವಾದ. ನೀರು ಜಾಸ್ತಿ, ಮಿಲಿಮೀಟರ್ ಒಂದೇ ಎಂದು ಮೇಷ್ಟ್ರು. ಸೆಪ್ಟೆಂಬರ್ ಮಳೆ ಒಂದು ರಾತ್ರಿ ಚೆನ್ನಾಗಿಯೇ ಹೊಡೆಯಿತು.

ಬೆಳಿಗ್ಗೆ ಬಾಟಲಿಯಲ್ಲಿ 14 ಮಿಲಿಮೀಟರ್. ಸ್ಟೀಲ್ ಡಬ್ಬಿಯಲ್ಲೂ 14. ಬಕೆಟ್ಟಿನಲ್ಲಿ 24.

ಮೇಷ್ಟ್ರ ಮುಖ ಬಿಳುಚಿಕೊಂಡಿತು. ಅವರು ಹೇಳಿದ ನಿಯಮವನ್ನು ಬಕೆಟ್ಟು ಎಲ್ಲರೆದುರೇ ಸುಳ್ಳು ಮಾಡಿತ್ತು. ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಇಂಥ ಹೊತ್ತಿನಲ್ಲಿ ಸಂಪನ್ಮೂಲ ವ್ಯಕ್ತಿ ಬಾಯಿ ತೆರೆದರೆ ಆ ಪಾಠ ಅಲ್ಲಿಗೆ ಮುಗಿದ ಹಾಗೆ. "ಬಕೆಟ್ಟಿನ ತಳಕ್ಕೆ ಗಾಳಿಯಿಂದ ಎಲ್ಲಿಂದಲೋ ನೀರು ಸಿಡಿದಿರಬೇಕು" ಎಂದು ಮೇಷ್ಟ್ರು ಶುರು ಮಾಡುವಷ್ಟರಲ್ಲಿ, ಬಕೆಟ್ಟು ಇಟ್ಟ ಹುಡುಗಿಯೇ ಎದ್ದಳು. "ಸಾರ್, ಬಕೆಟ್ ಬಾಯಿ ಅಗ್ಲ, ಬುಡ ಸಣ್ಣುದು."

ಸ್ಕೇಲ್ ಬಂತು. ಬಾಯಿಯ ಅಡ್ಡಳತೆ 28 ಸೆಂಟಿಮೀಟರ್, ಬುಡದ್ದು 21. ನಾಲ್ಕಕ್ಕೆ ಮೂರು. ವಿಸ್ತೀರ್ಣದಲ್ಲಿ 16ಕ್ಕೆ 9. ಹದಿನಾಲ್ಕನ್ನು 16ರಿಂದ ಗುಣಿಸಿ 9ರಿಂದ ಭಾಗಿಸಿದರೆ ಹೆಚ್ಚುಕಡಿಮೆ 25. ಅಳತೆಯಲ್ಲಿ ಬಂದದ್ದು 24. ಆ ಒಂದು ಮಿಲಿಮೀಟರ್ ಎಲ್ಲಿ ಹೋಯಿತು ಎಂದು ಮತ್ತೆ ಗದ್ದಲ. ನೀರು ಏರಿದಂತೆ ಬಕೆಟ್ಟು ಅಲ್ಲೂ ಸ್ವಲ್ಪ ಅಗಲವಾಗುತ್ತದಲ್ಲ, ಅದಕ್ಕೆ ಎಂದು ಈ ಸಲ ಕಂಡುಕೊಂಡವರು ಮೇಷ್ಟ್ರೇ. ವೃತ್ತದ ವಿಸ್ತೀರ್ಣವನ್ನು ವರ್ಷಗಟ್ಟಲೆ ಪಾಠ ಮಾಡಿದವರು. ಅವತ್ತು ಸೀಮೆಸುಣ್ಣ ಹಿಡಿದ ಕೈಯಲ್ಲೇ ಬಕೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

ಅಲ್ಲಿಂದ ಮುಂದೆ ನಾನು ಹೇಳಬೇಕಾದದ್ದು ಹೆಚ್ಚೇನೂ ಉಳಿಯಲಿಲ್ಲ. ಪಂಚಾಯಿತಿ ಬಳಿ ಸರ್ಕಾರದ ಮಳೆಮಾಪಕವಿತ್ತು. ಅದರ ಲೆಕ್ಕಕ್ಕೂ ನಮ್ಮದಕ್ಕೂ ಕೆಲವು ದಿನ ತಾಳೆಯಾಗಲಿಲ್ಲ. ಹವಾಮಾನದವರ ದಿನ ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಗೆ, ನಮ್ಮ ಮಕ್ಕಳದ್ದು ಪ್ರಾರ್ಥನೆ ಮುಗಿದ ಮೇಲಿಂದ ಎಂಬುದು ಗೊತ್ತಾಗಲು ಒಂದು ವಾರ ಹಿಡಿಯಿತು. ಆಮೇಲೆ ಮಾಡಿನ ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಎರಡು ಕೋಣೆಯ ತಾರಸಿ 12 ಮೀಟರ್ ಉದ್ದ, 6 ಮೀಟರ್ ಅಗಲ. ಆ ಒಂದು ರಾತ್ರಿ 1,008 ಲೀಟರ್. "ಒಂದು ಸಿಂಟೆಕ್ಸ್!" ಎಂದು ಇಡೀ ತರಗತಿ ಕೂಗಿದ್ದು ಪಕ್ಕದ ನಲಿಕಲಿ ಕೋಣೆಯ ಮೇಡಂ ಬಂದು ಬಾಗಿಲಲ್ಲಿ ನಿಲ್ಲುವಷ್ಟು ಜೋರಾಗಿತ್ತು.

ಪಾಠವನ್ನು ಮುಂದಕ್ಕೆ ದೂಡಿದವರು ಅಡುಗೆ ಅಕ್ಕ. ಮಕ್ಕಳು ಹೋಗಿ ದಿನಕ್ಕೆ ಎಷ್ಟು ನೀರು ಬೇಕು ಎಂದು ಕೇಳಿದರೆ ಲೀಟರಿನಲ್ಲಿ ಹೇಳಲಿಲ್ಲ. ಇಪ್ಪತ್ತು ಕೊಡ ಎಂದರು. ಕೊಡ ಅಳೆದಾಗ 15 ಲೀಟರ್ ಹಿಡಿಯಿತು. ಒಂದು ರಾತ್ರಿಯ ಮಳೆ ಮೂರು ದಿನದ ಅಡುಗೆಗೆ. ಮಕ್ಕಳು ಗೆದ್ದ ಹುಮ್ಮಸ್ಸಿನಲ್ಲಿದ್ದಾಗ ಅಕ್ಕ, "ಆ ತಾರ್ಸಿ ನೀರಲ್ಲಿ ಅನ್ನ ಮಾಡ್ಲಾ? ಪಾರಿವಾಳ ಎಲ್ಲಿ ಕೂತ್ಕತವೆ ನೋಡೀರಾ?" ಎಂದು ಒಂದೇ ಮಾತಿನಲ್ಲಿ ಕೆಡವಿದರು. ತಟ್ಟೆ ತೊಳೆಯಲು, ಗಿಡಕ್ಕೆ ಆದೀತು; ಅದಕ್ಕೂ ಮೊದಲ ಕೊಳೆ ನೀರು ಬೇರೆ ಹೋಗಬೇಕು.

ನಾಲ್ಕು ವಿಷಯಗಳ ಪೈಕಿ ನಮ್ಮ ಶಾಲೆಗಳಲ್ಲಿ ಅನಾಥವಾಗಿರುವುದು ಎಂಜಿನಿಯರಿಂಗ್. ತಂತ್ರಜ್ಞಾನ ಎಂದರೆ ಸ್ಮಾರ್ಟ್ ಕ್ಲಾಸಿನ ಟೀವಿ ಎಂದಾದರೂ ಅರ್ಥವಿದೆ, ಎಂಜಿನಿಯರಿಂಗ್ ಎಂದರೆ ಬೆಂಗಳೂರಿಗೆ ಹೋದ ಹುಡುಗರ ಕೆಲಸ. ಅದು ತರಗತಿಗೆ ಬಂದದ್ದು ಅಕ್ಕನ ಪಾರಿವಾಳದ ಜೊತೆ. ಮೊದಲ ಅರ್ಧ ಮಿಲಿಮೀಟರ್ ಮಳೆಯನ್ನು ಬಿಡೋಣ ಎಂದು ಮಕ್ಕಳು ತೀರ್ಮಾನಿಸಿದರು. ಅರ್ಧ ಮಿಲಿಮೀಟರ್ ಎಂದರೆ ಆ ತಾರಸಿಗೆ 36 ಲೀಟರ್. ಮಾಳಿಗೆಯಿಂದ ಇಳಿಯುವ ಪೈಪಿಗೆ ಪಕ್ಕದಲ್ಲಿ ಇನ್ನೊಂದು ಪೈಪು ನಿಲ್ಲಿಸಿ, ಕೊಳೆ ನೀರು ಅದರಲ್ಲಿ ತುಂಬಿದ ಮೇಲೆ ಒಳ್ಳೆಯ ನೀರು ಟ್ಯಾಂಕಿಗೆ ಹೋಗುವಂತೆ ಮಾಡುವುದು ಮಾಮೂಲಿ ವಿಧಾನ. 10 ಸೆಂಟಿಮೀಟರ್ ಅಡ್ಡಳತೆಯ ಪೈಪು ಮೀಟರಿಗೆ ಹಿಡಿಯುವುದು ಎಂಟು ಲೀಟರ್‌ಗಿಂತ ತುಸು ಕಡಿಮೆ. ನಾಲ್ಕೂವರೆ ಮೀಟರ್‌ಗೂ ಉದ್ದದ ಪೈಪು ಬೇಕು. ಶಾಲೆಯ ಗೋಡೆ ಮೂರು ಮೀಟರ್. ಸಿಲಿಂಡರಿನ ಘನಫಲದ ಸೂತ್ರ ಗೋಡೆಯನ್ನು ಮೀರಿ ಆಕಾಶಕ್ಕೆ ಹೋಗಿತ್ತು.

ಯಾರದೋ ಮನೆಯಿಂದ 20 ಲೀಟರಿನ ಎರಡು ಪೇಂಟ್ ಡಬ್ಬ ಬಂದವು. ತೇಲುವ ರಬ್ಬರ್ ಚೆಂಡು ಡಬ್ಬ ತುಂಬಿದಾಗ ಬಾಯಿ ಮುಚ್ಚಬೇಕು. ಮೊದಲ ಸಲ ಚೆಂಡು ಓರೆಯಾಗಿ ಸಿಕ್ಕಿಕೊಂಡಿತು, ಕೂಡುಭಾಗದಿಂದ ನೀರು ಸುರಿದು ವರಾಂಡ ಕೆಸರಾಯಿತು. ಮುಖ್ಯೋಪಾಧ್ಯಾಯರು ಕೊಠಡಿಯಿಂದ ಹೊರಬಂದು ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿ ಒಳಗೆ ಹೋದರು. ಮೇಷ್ಟ್ರಿಗೆ ಇಲ್ಲಿಗೆ ಬಿಟ್ಟುಬಿಡುವ ಮನಸ್ಸಾಗಿತ್ತು. ಚಟುವಟಿಕೆ ಆಯಿತು, ಫೋಟೋ ಬಂತು, ಎಫ್‌ಎಗೆ ಅಂಕವೂ ಹಾಕಬಹುದು. ಅವತ್ತು ನಾನು ಹಟ ಹಿಡಿದೆ. ಮೊದಲ ಸಲ ಮಾಡಿದ್ದು ಪುಸ್ತಕದಲ್ಲಿ ಓದಿದ್ದರ ನಕಲು; ಎರಡನೇ ಸಲ ಮಾಡುವುದು ಮಾತ್ರ ಮಕ್ಕಳ ಸ್ವಂತದ್ದು. ನನ್ನ ಇಡೀ ಬಿಆರ್‌ಪಿ ಬದುಕಿನಲ್ಲಿ ನಾನು ಯಾರಿಗಾದರೂ ಒತ್ತಾಯ ಮಾಡಿದ್ದರೆ ಈ ಎರಡನೇ ಪಿರಿಯಡ್ಡಿಗಾಗಿ. ಗಣಿತ, ವಿಜ್ಞಾನ ಎರಡೂ ಅವರ ಕೈಯಲ್ಲೇ ಇದ್ದುದರಿಂದ ಎರಡು ಪಿರಿಯಡ್ ಜೋಡಿಸಿಕೊಳ್ಳಲು ಯಾರ ಅನುಮತಿಯೂ ಬೇಕಿರಲಿಲ್ಲ. ಹಾಲಿನಲ್ಲಿ ಅವರು ಕೇಳಿದ್ದ ಪ್ರಶ್ನೆಗೆ ಉತ್ತರ ಅವರದೇ ವೇಳಾಪಟ್ಟಿಯಲ್ಲಿತ್ತು.

ಪೋರ್ಷನ್? ಕ್ಷೇತ್ರಗಣಿತ ಅಧ್ಯಾಯದ ಅಭ್ಯಾಸದ ಲೆಕ್ಕಗಳನ್ನು ಅವರು ಆಮೇಲೆ ಅರ್ಧಕ್ಕೂ ಕಡಿಮೆ ಸಮಯದಲ್ಲಿ ಮುಗಿಸಿದರು. ಎಲ್ಲ ಶಾಲೆಯಲ್ಲೂ ಹೀಗೆ ಆಗಲಿಲ್ಲ. ಕೆಲವು ಕಡೆ ಪಾಠ ನಿಜವಾಗಿಯೂ ಹಿಂದೆ ಬಿತ್ತು, ಮೇಷ್ಟ್ರು ಶನಿವಾರ ಮಧ್ಯಾಹ್ನ ಕೂತು ಸರಿದೂಗಿಸಿದರು.

ಕಿಟ್ಟಿನ ಬಗ್ಗೆ ಒಂದು ಮಾತು. ಬಹಳ ಶಾಲೆಗಳಲ್ಲಿ ವಿಜ್ಞಾನದ ಬೀರು ಇರುತ್ತದೆ, ಬೀಗವೂ ಇರುತ್ತದೆ, ಕೀಲಿ ಯಾರ ಹತ್ತಿರ ಇದೆ ಎಂಬುದು ಸಂಶೋಧನೆಯ ವಿಷಯ. ಸೋಮಾರಿತನ ಎಂದು ಹೊರಗಿನವರು ಬೇಗ ತೀರ್ಪು ಕೊಡುತ್ತಾರೆ. ಸ್ಟಾಕ್ ರಿಜಿಸ್ಟರಿನಲ್ಲಿ ಹನ್ನೆರಡು ಪ್ರನಾಳ ಎಂದು ಬರೆದಿದ್ದರೆ ವರ್ಗಾವಣೆಯ ದಿನ ಹನ್ನೆರಡನ್ನೂ ಎಣಿಸಿ ಚಾರ್ಜ್ ಕೊಡಬೇಕು. ಒಡೆದ ಎರಡಕ್ಕೆ ಲೆಕ್ಕ ಕೊಡುವವರು ಯಾರು? ಬಾಟಲಿ, ಪೇಂಟ್ ಡಬ್ಬದಂಥ ರಿಜಿಸ್ಟರಿಗೆ ಏರದ ಸಾಮಾನಿನಲ್ಲಿ ನಾವು ಕೆಲಸ ಮಾಡಿದ್ದಕ್ಕೆ ಅರವಿಂದ ಗುಪ್ತ ಅವರ ಕಸದಿಂದ ರಸದ ಆಟಿಕೆಗಳು ಪ್ರೇರಣೆ ಎಂದು ವರದಿಯಲ್ಲಿ ಬರೆದೆ. ಅದು ನಿಜವೇ. ಆದರೆ ಒಡೆದರೆ ಯಾರೂ ಕೇಳುವುದಿಲ್ಲ ಎಂಬುದೂ ಅಷ್ಟೇ ನಿಜ.

ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಪ್ರಾಜೆಕ್ಟ್ ತಯಾರು ಮಾಡಿಸುವುದರಲ್ಲಿ ನಮ್ಮ ತಾಲ್ಲೂಕು ಹಿಂದೆ ಬಿದ್ದಿರಲಿಲ್ಲ. ನನ್ನ ತಕರಾರು ಬೇರೆ: ಚುರುಕಾದ ಕೆಲವೇ ಮಕ್ಕಳು ಜಿಲ್ಲೆಗೆ ಹೋಗುತ್ತಾರೆ, ಉಳಿದವರು ಅವರಿಗೆ ಚಪ್ಪಾಳೆ ತಟ್ಟುತ್ತಾರೆ. ಬಕೆಟ್ಟಿನ ಹುಡುಗಿ ಯಾವ ತಂಡದಲ್ಲೂ ಇದ್ದವಳಲ್ಲ.

ನೆರಳಿನ ಪಾಠವನ್ನೂ ಪ್ರಯತ್ನಿಸಿದೆವು. ನಮ್ಮ ಅಕ್ಷಾಂಶ 14 ಡಿಗ್ರಿ ಚಿಲ್ಲರೆ. ಸೂರ್ಯ ನಟ್ಟ ನಡು ನೆತ್ತಿಗೆ ಬಂದು ನೆರಳು ಇಲ್ಲವಾಗುವುದು ವರ್ಷಕ್ಕೆ ಎರಡು ಸಲ. ಒಂದು ಏಪ್ರಿಲ್ ಕೊನೆಗೆ, ಆಗ ಬೇಸಿಗೆ ರಜೆ. ಇನ್ನೊಂದು ಆಗಸ್ಟ್ 14ರ ಆಸುಪಾಸು, ಆಗ ಮೋಡ. ಮೋಡವಿಲ್ಲದಿದ್ದರೆ ಸ್ವಾತಂತ್ರ್ಯ ದಿನದ ಕವಾಯತು. ಒಂದು ಶಾಲೆಯ ಮೇಷ್ಟ್ರು ಕವಾಯತನ್ನೇ ಪಾಠ ಮಾಡಿಕೊಂಡರು. ಧ್ವಜಸ್ತಂಭದ ನೆರಳು ಬುಡಕ್ಕೆ ಸೇರುವುದನ್ನು ಕಾಯುತ್ತ ಮಕ್ಕಳು ಸಾಲಾಗಿ ನಿಂತರು. ಹನ್ನೆರಡು ಹೊಡೆದರೂ ನೆರಳು ಹೋಗಲಿಲ್ಲ. ಹನ್ನೆರಡೂವರೆಗೆ ಒಂದೆರಡು ನಿಮಿಷ ಇರುವಾಗ ಹೋಯಿತು. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು ಅದಕ್ಕಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕೆ, ಡಿಗ್ರಿಗೆ ನಾಲ್ಕು ನಿಮಿಷ. ಸಮಾಜ ವಿಜ್ಞಾನದ ಮೇಡಂ ಭೂಪಟ ತಂದು ಇದನ್ನು ಬಿಡಿಸಿ ಹೇಳಿದರು. ಉಳಿದ ನಾಲ್ಕೈದು ನಿಮಿಷ ಆಗಸ್ಟ್‌ನಲ್ಲಿ ಸೂರ್ಯನೇ ತಡ ಮಾಡುವುದರಿಂದ; ಅದರ ಕಾರಣವನ್ನು ಹೈಸ್ಕೂಲಿಗೆ ಬಿಟ್ಟೆವು.

ತಿಂಗಳ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವುದು ಮುಗಿದ ಮೇಲಿನ ಒಂದು ಗಂಟೆಯನ್ನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ನಮಗೆ ಬಿಟ್ಟುಕೊಟ್ಟರು. ಅಲ್ಲಿ ನಿಯಮ ಒಂದೇ: ಕೆಟ್ಟುಹೋದ ಪಾಠವನ್ನು ತರಬೇಕು. ಶುರುವಿನಲ್ಲಿ ಯಾರೂ ತರಲಿಲ್ಲ. ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ 2022ರಲ್ಲಿ ಕೋಡಿ ಬಿದ್ದಾಗ, ಒಬ್ಬ ಮೇಷ್ಟ್ರು ಟಿಎಂಸಿಯನ್ನು ಲೀಟರಿಗೆ ತಿರುಗಿಸಲು ಹೋಗಿ ಕಪ್ಪುಹಲಗೆಯ ಮೇಲೆ ಎರಡು ಸೊನ್ನೆ ನುಂಗಿದ್ದನ್ನು ತಾವಾಗಿ ಹೇಳಿಕೊಂಡರು. ಒಂದು ಟಿಎಂಸಿ ಎಂದರೆ 2,831 ಕೋಟಿ ಲೀಟರ್. ಅವರ ಹಲಗೆಯ ಮೇಲೆ ಅದು 28 ಕೋಟಿ ಆಗಿತ್ತು. ಆಮೇಲೆ ಉಳಿದವರ ಬಾಯೂ ಬಿಚ್ಚಿತು.

ಆ ಸಭೆಗಳಲ್ಲಿ ಎಂದೂ ಮಾತಾಡದ ಒಬ್ಬ ಮೇಡಂ ಇದ್ದರು. ಒಂದು ಡಿಸೆಂಬರಿನಲ್ಲಿ ಫೋನ್ ಮಾಡಿ, ಗ್ರಾಮಿನ ಲೆಕ್ಕ ತೋರಿಸುವ ತಕ್ಕಡಿ ಎರವಲು ಸಿಗುತ್ತದೆಯೇ ಎಂದು ಕೇಳಿದರು. ನಮ್ಮದು ಶೇಂಗಾ ಸೀಮೆ. ಮಂಡಿಯಲ್ಲಿ ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಸುಲಿದು ನೋಡಿ ದರ ಹೇಳುತ್ತಾನೆ. ಅವನ ಹಿಡಿ ಸರಿಯೋ ತಪ್ಪೋ ಎಂಬುದು ಆ ಮೇಡಂ ಅವರ ಪಾಠ. ಅರ್ಧ ಕಿಲೋ ಕಾಯಿ ಸುಲಿದರೆ ಒಬ್ಬನಿಗೆ 340 ಗ್ರಾಂ ಬೀಜ, ಇನ್ನೊಬ್ಬಳಿಗೆ 295. ಕಾಯಿ ತುಂಬುವ ಹೊತ್ತಿಗೆ ಮಳೆ ಕೈಕೊಟ್ಟ ಹೊಲ ಅವಳದ್ದು. ಒಂದೇ ಚೀಲದಿಂದ ಹಿಡಿ ಹಿಡಿಯಾಗಿ ತೆಗೆದರೆ ಶೇಕಡಾವಾರು ಅರವತ್ತರಿಂದ ಎಪ್ಪತ್ತನಾಲ್ಕರವರೆಗೆ ಓಡಾಡಿತು. ಬೊಗಸೆಗೆ ಬಂದರೆ ಓಡಾಟ ಕಡಿಮೆ. ಸೇರಿಗೆ ಬಂದರೆ ಇನ್ನೂ ಕಡಿಮೆ. ಸುಲಿದು ಬೆರಳು ನೊಂದ ಮಕ್ಕಳು ಎರಡು ಹಲಗೆಗೆ ಸೈಕಲ್ ಟ್ಯೂಬ್ ಬಡಿದು ಬೀಜ ಒಡೆಯದಂತೆ ಸುಲಿಯುವ ಸಾಧನ ಮಾಡಿದರು. ಮೂರು ಸಲ ಬಿಚ್ಚಿ ಮಾಡಿದರಂತೆ.

ನಾನು ಮಾಡಿಸಿದ ಯಾವ ಪಾಠಕ್ಕಿಂತಲೂ ಇದು ಗಟ್ಟಿಯಾಗಿತ್ತು. ನೋಡಲು ಬರುತ್ತೇನೆ ಎಂದೆ.

"ಬನ್ನಿ ಸಾರ್, ಆದ್ರೆ ಪಾಠ ಮುಗಿದ್ಮೇಲೆ ಬನ್ನಿ. ನೀವಿದ್ರೆ ಮಕ್ಳು ಉತ್ತರಕ್ಕೆ ನಿಮ್ಮ ಮುಖ ನೋಡ್ತಾರೆ."

ತಕ್ಕಡಿಯನ್ನು ಸಿಆರ್‌ಪಿ ಕೈಯಲ್ಲಿ ಕಳಿಸಿ, ನಾನು ಮುಂದಿನ ವಾರ ಹೋದೆ. ತರಗತಿಯಲ್ಲಿ ಒಬ್ಬ ಹುಡುಗನ ತಂದೆ ಮಂಡಿಯ ಚೀಟಿ ಹಿಡಿದು ನಿಂತಿದ್ದರು. ಹಸಿ ಕಾಯಿ ಎಂದು ಚೀಲಕ್ಕೆ ಎರಡು ಕಿಲೋ ಹಿಡಿದುಕೊಂಡಿದ್ದಾರೆ, ಒಣಗಿದರೆ ನಿಜವಾಗಿ ಎಷ್ಟು ಇಳಿಯುತ್ತದೆ, ಮಕ್ಕಳು ತೂಗಿ ಹೇಳಲಿ ಎಂಬುದು ಅವರ ಬೇಡಿಕೆ. ಮೇಡಂ ಅವರ ಕೈಯಿಂದ ಒಂದು ಸೇರು ಹಸಿ ಕಾಯಿ ತೆಗೆದುಕೊಂಡು, ದಿನಕ್ಕೊಮ್ಮೆ ತೂಗುವ ಪಾಳಿಯನ್ನು ಮಕ್ಕಳಿಗೆ ಹಂಚಲು ಶುರು ಮಾಡಿದರು. ನನಗೆ ಕುರ್ಚಿ ಹಾಕುವುದು ಯಾರಿಗೂ ನೆನಪಾಗಲಿಲ್ಲ.